ಮೊದಲು ಹುಟ್ಟಿದವಳು

ಕಸಿಲ್ದಾಳ ಕೈಕೆಳಗೆ ದುಡಿಯುವುದು ಸುಲಭವಲ್ಲ. ಹಾಲು ಒಂದು ಚೂರು ಬಿಸಿ ಹೆಚ್ಚಾದರೆ ಬೈಯುತ್ತಾಳೆ, ನೆಲ ಒದ್ದೆಯಿದ್ದರೆ ಬೈಯುತ್ತಾಳೆ, ಬೈಯಲು ಏನೂ ಸಿಗದಿದ್ದರೆ ಬಿಸಿಲನ್ನೇ ಬೈಯುತ್ತಾಳೆ. ನಾನೂ ಬಾಯಿ ಮುಚ್ಚಿಕೊಂಡು ಕೇಳುವವಳಲ್ಲ. ಹೀಗೆ ಕಿತ್ತಾಡಿಕೊಂಡೇ ನಾವಿಬ್ಬರೂ ಎಸ್ತ್ರೆಮದುರಾದ ಈ ಬಯಲಿನಲ್ಲಿ ಅರ್ಧ ಆಯುಷ್ಯ ಕಳೆದಿದ್ದೇವೆ. ಕುರಿಹಾಲಿಗೆ ಮುಳ್ಳುಗಿಡದ ಹೂ ನೆನೆಸಿದ ನೀರು ಬಿಟ್ಟು ಹೆಪ್ಪುಗಟ್ಟಿಸುವ ಚೀಸ್ ನಮ್ಮದು. ಕುರಿ ಅವಳದು, ಕೆಲಸ ನನ್ನದು.

ಅವಳು ಮೊಂತೆಸೆಕೊ ಮಾರ್ಕೆಸರ ಮಗಳು. ಯಾವುದೋ ಕಾಲದಲ್ಲಿ ಯಾವುದೋ ರಾಜ ಅವರ ಮನೆತನಕ್ಕೆ ಕೊಟ್ಟ ಬಿರುದು ಅದು. ಬಾಗಿಲ ಮೇಲೆ ಕಲ್ಲಿನ ಲಾಂಛನವಿದೆ, ಅದರೊಳಗೆ ಗುಬ್ಬಿ ಗೂಡು ಕಟ್ಟಿದೆ, ಮಾಡು ಸೋರುತ್ತದೆ. ಬಿರುದಿನ ಜೊತೆ ಬರುತ್ತಿದ್ದ ಜಮೀನೆಲ್ಲ ನಮ್ಮ ಮುತ್ತಜ್ಜಂದಿರ ಕಾಲಕ್ಕೇ ಹರಿದು ಹಂಚಿಹೋಯಿತು. ಈಗ ಉಳಿದಿರುವುದು ಬರೀ ಹೆಸರು. ಆ ಹೆಸರಿಗೂ ಸರ್ಕಾರಕ್ಕೆ ತೆರಿಗೆ ಕಟ್ಟಬೇಕು!

ಮನೆಯಲ್ಲಿ ಮೊದಲು ಹುಟ್ಟಿದವಳು ಕಸಿಲ್ದಾ. ಆಮೇಲೆ ಫಾದ್ರೀಕೆ ಹುಟ್ಟಿದ. ಗಂಡು ಹುಟ್ಟಿತೆಂದರೆ ಮುಗಿಯಿತು, ಅಕ್ಕನ ಸರದಿ ಹೋಯಿತು. ಯಾರಾದರೂ ಬಂದರೆ ಮುದುಕ ಮಾರ್ಕೆಸ್ ಮಗನ ಹೆಗಲ ಮೇಲೆ ಕೈಯಿಟ್ಟು, ಇವನು ನನ್ನ ವಾರಸುದಾರ ಎನ್ನುತ್ತಿದ್ದರು. ಮಗಳ ಕಡೆ ನೋಡಿ, ಇವಳು ಮನೆ ನೋಡಿಕೊಳ್ಳುತ್ತಾಳೆ ಎನ್ನುತ್ತಿದ್ದರು. ವಾರಸುದಾರ ಮ್ಯಾಡ್ರಿಡ್ ಸೇರಿದ. ಮನೆ ನೋಡಿಕೊಳ್ಳುವವಳು ಮದುವೆಯಾಗದೆ ಕುರಿ ಸಾಕಿದಳು, ಕೊನೆಕೊನೆಗೆ ತಂದೆಯ ಮಲಮೂತ್ರವನ್ನೂ ಬಾಚಿದಳು.

ಮುದುಕ ತೀರಿಕೊಂಡ ದಿನ ಸ್ಮಶಾನದಲ್ಲಿ ಊರವರೆಲ್ಲ ಸಾಲುಗಟ್ಟಿ ಫಾದ್ರೀಕೆಯ ಕೈ ಹಿಡಿದು ‘ಮಾರ್ಕೆಸರೇ’ ಎಂದರು. ರಾಜನ ಸಹಿಯಿರುವ ಪತ್ರ ಬರುವ ತನಕ ಯಾರೂ ಮಾರ್ಕೆಸ್ ಅಲ್ಲ, ಅರ್ಜಿ ಹಾಕಬೇಕು, ಕಾಯಬೇಕು. ಆದರೆ ನಮ್ಮ ಜನಕ್ಕೆ ಅದೆಲ್ಲ ಯಾಕೆ? ಅವನಂತೂ ಅಂಗಿಯ ಎದೆಯ ಮೇಲೆ ಪುಟ್ಟ ಕಿರೀಟದ ಕಸೂತಿ ಮೊದಲೇ ಹಾಕಿಸಿಕೊಂಡು ಬಂದಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ಗಂಡಿಗೇ ಮೊದಲು ಎನ್ನುವ ಕಾನೂನನ್ನು ಬದಲಿಸುವ ಮಾತು ಆಗ ಸಂಸತ್ತಿನಲ್ಲಿ ನಡೆದಿತ್ತು. ಫಾದ್ರೀಕೆಗೆ ಅದೇ ಅಳುಕು. ಅಡುಗೆಮನೆಗೆ ಬಂದು ಮೇಜಿನ ಮೇಲೆ ಒಂದು ಕಾಗದ ಇಟ್ಟ. ಬಿರುದಿನ ಮೇಲೆ ನನಗೆ ಹಕ್ಕು ಬೇಡ ಎಂದು ಅವಳು ಸಹಿ ಹಾಕಬೇಕು. ಹಾಕಿದರೆ ಹುಲ್ಲುಗಾವಲಿನಲ್ಲಿ ತನ್ನ ಪಾಲಿಗೆ ಬಂದ ಅರ್ಧವನ್ನು ಅವಳಿಗೇ ಬಿಟ್ಟುಕೊಡುತ್ತಾನಂತೆ. ಹಾಕದಿದ್ದರೆ ಆ ಅರ್ಧ ಮಾರಿಬಿಡುತ್ತಾನಂತೆ.

ಕಸಿಲ್ದಾ ಓದಿದಳು. ಕಾಗದವನ್ನು ಅವನ ಕಡೆಗೇ ತಳ್ಳಿದಳು.

“ಮಾರ್ಕೊಂಡು ಹೋಗು.”

ಅವನು ಹೋದ ಮೇಲೆ ನಾನು ಅವಳ ಮೇಲೆ ಹರಿಹಾಯ್ದೆ. ಅರ್ಧ ಹುಲ್ಲುಗಾವಲು ಹೋದರೆ ಅರ್ಧ ಕುರಿ ಹೋದಂತೆ. ಅರ್ಧ ಕುರಿ ಹೋದರೆ ನನ್ನ ಒಲೆ ಹೇಗೆ ಉರಿಯಬೇಕು?

“ಮಕ್ಕಳಿಲ್ಲ ಮರಿಯಿಲ್ಲ, ಯಾರಿಗೇ ಇದು? ಆ ಬಿರುದನ್ನ ಉಪ್ಪು ಹಚ್ಕೊಂಡು ನೆಕ್ತೀಯಾ?”

ಅವಳು ತಿರುಗಿ ಬೈಯಲಿಲ್ಲ. ಅದಕ್ಕೇ ನನಗೆ ಭಯವಾಯಿತು.

“ಲಾಲಿ, ಅಪ್ಪನ್ನ ಎತ್ತಿ ಕೂರಿಸ್ದೋಳು ನಾನು. ಕೊನೇ ದಿನಾನೂ ಅವ್ರು ‘ಫಾದ್ರೀಕೆ ಬಂದ್ನಾ’ ಅಂತ್ಲೇ ಕೇಳಿದ್ರು. ಹೋಗ್ಲಿ ಬಿಡು. ಆದ್ರೆ ನಾನು ಮೊದಲನೇ ಮಗು ಅಲ್ಲ ಅಂತ ನನ್ ಕೈಯಲ್ಲೇ ಬರ್ಸ್ಕೊಳ್ಳಕ್ಕೆ ಬಂದಿದಾನಲ್ಲ, ಅದು ಮಾತ್ರ ಆಗಲ್ಲ. ಸತ್ರೂ ಆಗಲ್ಲ.”

ಅವಳೂ ಅರ್ಜಿ ಹಾಕಿದಳು. ಹಾಲು ಕಾಸಿಟ್ಟು ಬಸ್ಸು ಹತ್ತಿ ಮ್ಯಾಡ್ರಿಡ್‌ಗೆ ಹೋಗುವಳು, ಕಚೇರಿಯಲ್ಲಿ ಕೂರುವಳು, ನಾಳೆ ಬನ್ನಿ ಎಂದರೆ ನಾಳೆಯೂ ಕೂರುವಳು. ಕೋಟಿನಿಂದ ಬರುವ ಚೀಸ್ ವಾಸನೆಗೆ ಅಲ್ಲಿನವರು ಮೂಗು ಮುಚ್ಚಿಕೊಂಡರಂತೆ. ಮುಚ್ಚಿಕೊಳ್ಳಲಿ, ಮೂಗು ಅವರದು ಎಂದಳು. ಇತ್ತ ಫಾದ್ರೀಕೆ ಹೇಳಿದಂತೆಯೇ ಮಾಡಿದ. ಬಯಲಿನ ನಡುವೆ ಯಾರೋ ಹೊರಗಿನವರು ಬೇಲಿ ಹಾಕಿದರು. ಒಳ್ಳೊಳ್ಳೆಯ ಕುರಿಗಳನ್ನು ಲಾರಿಗೆ ಹತ್ತಿಸುವಾಗ ನಾನು ಗೋಳೋ ಎಂದು ಅತ್ತೆ. ಅವಳು ಒಂದೊಂದರ ಬೆನ್ನು ತಟ್ಟಿ ಹತ್ತಿಸಿದಳು. ಊರಿನವರು ಇವಳಿಗೆ ಹುಚ್ಚು ಎಂದರು.

ಮರುವರ್ಷ ಕಾನೂನು ಬದಲಾಯಿತು. ಹೆಣ್ಣಾಗಲಿ ಗಂಡಾಗಲಿ, ಮೊದಲು ಹುಟ್ಟಿದವರಿಗೇ ಬಿರುದು. ಇನ್ನೂ ತೀರ್ಮಾನವಾಗದ ಅರ್ಜಿಗಳಿಗೂ ಇದೇ ಲೆಕ್ಕ. ಫಾದ್ರೀಕೆಯ ವಕೀಲರು ಬಾಯಿ ಬಡಿದುಕೊಂಡದ್ದೇ ಬಂತು. ರಾಜನ ಸಹಿಯ ಪತ್ರ ಕಸಿಲ್ದಾಳ ಹೆಸರಿಗೆ ಬಂದಾಗ ಅವಳು ಕೈ ತೊಳೆದು ಬಂದು ಓದಿದಳು, ಮಡಿಸಿಟ್ಟಳು, ಮತ್ತೆ ಹಾಲಿನ ಹತ್ತಿರ ಹೋದಳು.

ಆ ವಸಂತದಲ್ಲಿ ಫಾದ್ರೀಕೆ ತಂದೆಯ ಬರೆಯುವ ಮೇಜು ತೆಗೆದುಕೊಂಡು ಹೋಗಲು ಬಂದ. ಇಬ್ಬರು ಮಕ್ಕಳನ್ನೂ ಕರೆತಂದಿದ್ದ. ದೊಡ್ಡವಳು ಮೆನ್ಸಿಯಾ, ಕಾಲೇಜು ಹುಡುಗಿ, ಅಪ್ಪನೆದುರು ತಲೆ ಎತ್ತದವಳು. ಚಿಕ್ಕವನು ಲೋಪೆ. ಏನೇ ಆಗಲಿ ತಮ್ಮ ತಮ್ಮನೇ ಎಂದು ಕಸಿಲ್ದಾ ಕುರಿಮಾಂಸದ ಸಾರು ಮಾಡಿ ಎಲ್ಲರನ್ನೂ ಊಟಕ್ಕೆ ಕೂರಿಸಿದಳು. ಬಡಿಸುತ್ತಿದ್ದವಳು ನಾನು.

ವೈನ್ ಒಳಗೆ ಇಳಿದಂತೆ ಅವನ ನಾಲಿಗೆ ಸಡಿಲವಾಯಿತು.

“ಇರ್ಲಿ ಬಿಡಕ್ಕ, ಮೆರೆಯೋಷ್ಟು ದಿನ ಮೆರಿ. ನಿಂಗಂತೂ ಮಕ್ಕಳಿಲ್ಲ. ನಿನ್ ಕಾಲ ಆದ್ಮೇಲೆ ನಂಗೇ ಬರ್ಬೇಕು, ನನ್ ಕಾಲ ಆದ್ಮೇಲೆ ನಮ್ ಲೋಪೆಗೆ.”

“ನಿಂಗೆ ಬರುತ್ತೆ, ಸರಿ,” ಎಂದಳು ಕಸಿಲ್ದಾ, ಬ್ರೆಡ್ಡು ಮುರಿಯುತ್ತ. “ಆಮೇಲೆ ಮೆನ್ಸಿಯಾಗೆ. ದೊಡ್ಡೋಳು ಅವಳು.”

ಅವನು ಜೋರಾಗಿ ನಕ್ಕ.

“ಅವಳಾ? ಅವಳು ತಮ್ಮನಿಗೆ ಬಿಟ್ಕೊಟ್ಟು ಸಹಿ ಹಾಕ್ತಾಳೆ. ಹೇಳಿದ್ ಮಾತು ಕೇಳೋ ಹುಡ್ಗಿ ಅದು, ನಿನ್ ಥರ ಅಲ್ಲ.”

ಮಗಳು ಪಕ್ಕದಲ್ಲೇ ಕೂತಿದ್ದಳು. ಆ ಕಡೆ ಅವನು ಕಣ್ಣು ಕೂಡ ಹಾಯಿಸಲಿಲ್ಲ. ಸೌಟು ನನ್ನ ಕೈಯಲ್ಲೇ ಉಳಿಯಿತು. ಕಸಿಲ್ದಾ ಹುಡುಗಿಯನ್ನೇ ನೋಡಿದಳು.

ಮೆನ್ಸಿಯಾಳ ಮುಖ ಕೆಂಪಾಗಿತ್ತು. ಮೊದಲ ಸಲ ತಲೆ ಎತ್ತಿದಳು.

“ಅಪ್ಪಾ, ನನ್ನನ್ನ ಕೇಳಿದ್ರಾ?”

“ಏನು?”

“ನಾನು ಸಹಿ ಹಾಕಲ್ಲ.”

ತಂದೆ ಸತ್ತಾಗ, ಬೇಲಿ ಬಿದ್ದಾಗ, ಕುರಿ ಹೋದಾಗ ಅಳದಿದ್ದ ಕಸಿಲ್ದಾ, ಎಲ್ಲರೆದುರೇ ಕೆಲಸದ ಅಂಗಿಯ ತೋಳಿನಲ್ಲಿ ಮುಖ ಒತ್ತಿಕೊಂಡು ಅತ್ತಳು. ಯಾರಿಗೇ ಇದು ಎಂದು ನಾನು ಅಂದು ಕೇಳಿದ್ದಕ್ಕೆ ಉತ್ತರ ಅವಳಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲವೇನೋ.