ಕಿತ್ತಳೆ ಸಸಿಗಳನ್ನು ಸುಟ್ಟ ದಿನ

ಗಂಡ ತೀರಿಕೊಂಡ ಹದಿನೆಂಟನೇ ದಿನ ಕೆಲಸಕ್ಕೆ ಮರಳಿದೆ. ರಜೆ ಇನ್ನೂ ಇತ್ತು, ಆದರೆ ಘಾಜಿಯಾಬಾದಿನ ಫ್ಲಾಟಿನಲ್ಲಿ ಕೂತು ಮಾಡುವುದೇನೂ ಇರಲಿಲ್ಲ. ಹೊರದೇಶದಿಂದ ಬರುವ ಗಿಡಗಳಲ್ಲಿ ರೋಗ, ಕೀಟ ಇದೆಯೇ ಎಂದು ಪರೀಕ್ಷಿಸುವ ಕಚೇರಿ ನಮ್ಮದು. ಅಂದು ಮೇಜಿನ ಮೇಲೆ ಕಿತ್ತಳೆ ಸಸಿಗಳಿದ್ದವು. ಗುರುಗ್ರಾಮದ ಆಚೆ ನರ್ಸರಿ ಇಟ್ಟುಕೊಂಡಿದ್ದ ವಯಸ್ಸಾದವರೊಬ್ಬರು ತರಿಸಿದ್ದು.

ಕೆಲವು ಎಲೆಗಳ ಅಂಚು ಕಚ್ಚಿ ತಿಂದಂತಿತ್ತು. ಮೂರನೆಯ ಸಸಿಯ ಬೇರು ತೊಳೆದಾಗ ಕಾಲಿಲ್ಲದ ಬಿಳಿ ಮರಿಹುಳು ಸಿಕ್ಕಿತು. ಬೇರಿನ ಸಿಪ್ಪೆಯನ್ನು ಸುತ್ತಲೂ ತಿಂದುಹಾಕಿತ್ತು. ನಮ್ಮ ದೇಶದಲ್ಲಿಲ್ಲದ ಒಂದು ಮೂತಿ ಹುಳುವಿನ, ಅಂದರೆ ಸೊಂಡಿಲಿನಂಥ ಮೂತಿಯ ಜೀರುಂಡೆಯ, ಮರಿಯಂತೆ ಕಂಡಿತು. ಇಂಥದ್ದು ಸಿಗುವುದು ಅಪರೂಪ. ಪಕ್ಕದ ಮೇಜಿನವಳು ಓಡಿ ಬಂದು ಮೊಬೈಲಿನಲ್ಲಿ ಫೋಟೋ ತೆಗೆದಳು. ನಾನು ಹುಳುವನ್ನು ಸ್ಪಿರಿಟ್ಟಿನ ಸೀಸೆಗೆ ಹಾಕಿ ಚೀಟಿ ಅಂಟಿಸಿದೆ. ಏನೂ ಅನ್ನಿಸಲಿಲ್ಲ.

ಅದು ಅದೇ ಹುಳುವೆಂದು ಖಚಿತವಾಗಲು ಕೆಲವು ದಿನ ಹಿಡಿಯಿತು. ಎಲ್ಲ ಸಸಿಗಳನ್ನೂ ಸುಡಬೇಕೆಂದು ಆದೇಶ ಬಂತು. ನರ್ಸರಿಯವರನ್ನು ಕರೆಸಿದೆವು. ಹುಳು ಕಾಣದ ಸಸಿಗಳನ್ನಾದರೂ ಕೊಡಿ ಎಂದು ಕೇಳಿಕೊಂಡರು. ಈ ಹುಳು ಎರಡು ಎಲೆಗಳನ್ನು ಅಂಟಿಸಿ ನಡುವೆ ಕಾಣದಂತೆ ಮೊಟ್ಟೆ ಇಡುತ್ತದೆ, ಮರಿಗಳು ಮಣ್ಣಿಗಿಳಿದರೆ ಕಿತ್ತಳೆಯಷ್ಟೇ ಅಲ್ಲ, ಕಬ್ಬಿನ ಬೇರನ್ನೂ ಬಿಡುವುದಿಲ್ಲ ಎಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು.

"ಬೇಟಿ, ಹುಡುಕಿದ್ದು ನೀನೇನಾ?"

"ಹೌದು."

"ಅಚ್ಛಾ," ಎಂದು ಸುಡುವ ಆದೇಶದ ಕಾಗದಕ್ಕೆ ಸಹಿ ಹಾಕಿದರು.

ಸುಡುವಾಗ ತಾವೂ ಇರುವುದಾಗಿ ಹೇಳಿದರು. ಕಚೇರಿಯ ಹಿತ್ತಲಲ್ಲಿ ಸುಡಲೆಂದೇ ಇದ್ದ ಕುಲುಮೆಗೆ ಕೆಲಸದವರು ಸಸಿಗಳನ್ನು ಕುಂಡದ ಮಣ್ಣಿನ ಸಮೇತ ಹಾಕುತ್ತಾ ಹೋದರು. ಎಲೆಗಳಿನ್ನೂ ಹಸಿರಾಗಿದ್ದವು. ನನ್ನ ಪಕ್ಕ ನಿಂತಿದ್ದ ಅವರು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡರು, ಆಮೇಲೆ ಮುಚ್ಚುಮರೆಯಿಲ್ಲದೆ ಅತ್ತರು. ನಾನು ಅವರನ್ನೇ ನೋಡುತ್ತಿದ್ದೆ. ಸ್ಮಶಾನದಲ್ಲೂ ನನಗೆ ಅಳು ಬಂದಿರಲಿಲ್ಲ. ಅಳುವುದು ಎಷ್ಟು ಸುಲಭ ಎಂದುಕೊಂಡೆ. ಆಗಲೂ ಬರಲಿಲ್ಲ.

ಎಲ್ಲ ಮುಗಿದ ಮೇಲೆ ಊಟವಾಯಿತೇ ಎಂದು ಕೇಳಿದರು. ಆಯಿತೆಂದೆ. ನನ್ನ ಮುಖ ನೋಡಿ, ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂರಿಸಿ, ತಮ್ಮ ಡಬ್ಬಿಯಿಂದ ಎರಡು ರೊಟ್ಟಿ, ಮೂಲಂಗಿ ಪಲ್ಯ ಕೊಟ್ಟರು. ಅವರ ಸಸಿಗಳನ್ನು ಸುಡಿಸಿದವಳು ನಾನು. ತಿಂದೆ. ಪಲ್ಯದಲ್ಲಿ ಉಪ್ಪು ಹೆಚ್ಚಾಗಿತ್ತು. ಅದು ಗೊತ್ತಾಯಿತು.

ಸಂಜೆ ಮನೆಗೆ ಹೋದಾಗ ಮಗಳು, "ಅಮ್ಮಾ, ಲಂಚ್ ಕಿಯಾ? ಸಚ್ ಹೇಳು," ಅಂದಳು.

"ರೊಟ್ಟಿ ತಿಂದೆ," ಅಂದೆ.

ನಂಬಲಿಲ್ಲ. ತಟ್ಟೆಯಲ್ಲಿ ಅನ್ನ ಬಡಿಸಿಟ್ಟು ಎದುರಿಗೇ ಕೂತಳು. ಅದನ್ನೂ ತಿಂದೆ.