ಸ್ಕ್ರೀನಿನ ಮೇಲೆ ಬೀಳದ ದಂಡೆ

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅದು ಶುರುವಾದಾಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕೊಟ್ಟೂರಿನಲ್ಲಿ ಫಿಸಿಕ್ಸ್ ಲೆಕ್ಚರರ್ ಆಗಿದ್ದ ನಾನು ಆಗಷ್ಟೇ ರಿಟೈರ್ ಆಗಿದ್ದೆ. ನಮ್ಮ ಓಣಿಯವರು ಎತ್ತು ಮಾಡಲು ಮಣ್ಣು ತರುತ್ತಿದ್ದುದು ಉಜ್ಜಿನಿ ದಾರಿಯ ಹಳ್ಳದಿಂದ. ಆ ದಂಡೆಯ ಮೇಲ್ಭಾಗ ಬರೀ ಹರಳು ಬೆರೆತ ಕೆಂಪು ಗರಸು. ಬುಡದಲ್ಲಿ ಮಾತ್ರ ಬೆಣ್ಣೆಯಂಥ ಕರಿಜೇಡಿ. ಹಾಗಾಗಿ ಎಲ್ಲರೂ ಬುಡವನ್ನೇ ಕೆದಕಿ ಕೆದಕಿ ಅಲ್ಲೊಂದು ಗವಿಯೇ ಆಗಿತ್ತು. ಮಕ್ಕಳನ್ನು ಒಳಗೆ ತೂರಿಸಿ ಮಣ್ಣು ತೆಗೆಸುತ್ತಿದ್ದರು. ಮೇಲೆ ಎರಡಾಳೆತ್ತರದ ದಂಡೆ ಯಾವ ಆಸರೆಯೂ ಇಲ್ಲದೆ ಚಾಚಿಕೊಂಡಿತ್ತು.

ಬೀಳುತ್ತದೆ ಎಂದು ಬಾಯಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ಚಿಕ್ಕಂದಿನಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್, "ಡೋಂಟ್ ಟೆಲ್ ಮಿ, ಚೈಲ್ಡ್. ಶೋ ಮಿ" ಎನ್ನುತ್ತಿದ್ದರು. ಆ ತಣ್ಣನೆಯ ಕ್ಲಾಸ್‌ರೂಮಿನಲ್ಲಿ ಎಲ್ಲವನ್ನೂ ತೋರಿಸಿ ಒಪ್ಪಿಸಬಹುದು ಅನ್ನಿಸುತ್ತಿತ್ತು. ಅದನ್ನೇ ನಂಬಿ ಮನೆಯ ಕಂಪ್ಯೂಟರಿನಲ್ಲಿ ದಂಡೆ ಕಟ್ಟಲು ಕೂತೆ.

ಮಣ್ಣಿನ ಕಣಕ್ಕೆ ಬದಲು ಪುಟ್ಟ ಪುಟ್ಟ ವೃತ್ತಗಳು. ಪ್ರತಿಯೊಂದೂ ಪಕ್ಕದ್ದನ್ನು ಎಷ್ಟು ನೂಕುತ್ತದೆ, ಎಷ್ಟು ಉಜ್ಜುತ್ತದೆ ಎಂದು ಪ್ರೋಗ್ರಾಂ ಲೆಕ್ಕ ಹಾಕಬೇಕು. ವೃತ್ತಗಳ ನಡುವೆ ಅಂಟು ಕೊಡದಿದ್ದರೆ ದಂಡೆ ಚೀಲ ಬಿಚ್ಚಿದ ಜೋಳದ ಹಾಗೆ ಹರಿದುಹೋಗುತ್ತಿತ್ತು. ತುಸು ಹೆಚ್ಚು ಕೊಟ್ಟರೆ ಬಂಡೆಯಾಗಿ ಕೂತುಬಿಡುತ್ತಿತ್ತು. ತಿಂಗಳುಗಟ್ಟಲೆ ಇದೇ ಗೋಳು. ಕೊನೆಗೊಂದು ದಿನ ಬುಡದ ವೃತ್ತಗಳನ್ನು ತೆಗೆದಾಗ ಮೇಲಿನ ಅಂಚಿನಲ್ಲಿ ಬಿರುಕು ಮೂಡಿ, ಇಡೀ ತುಂಡು ವಾಲಿ ಬಿತ್ತು. ಆ ನಿಧಾನದ ಕಂಪ್ಯೂಟರಿನಲ್ಲಿ ಅಷ್ಟಾಗಲು ಬೆಳಗಿನಿಂದ ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಆ ಚಿತ್ರಗಳನ್ನು ಉಳಿಸಿಡುವಷ್ಟು ಜಾಗ ಡಿಸ್ಕಿನಲ್ಲಿ ಇರಲಿಲ್ಲ; ಯಾರಿಗಾದರೂ ತೋರಿಸಬೇಕೆಂದರೆ ಮತ್ತೆ ಮೊದಲಿನಿಂದ ಓಡಿಸಬೇಕು.

ನಮ್ಮ ವಾರ್ಡಿನ ಮೆಂಬರನ್ನು ಕರೆಸಿದೆ. ಆತ ಮನಸ್ಸು ಮಾಡಿದ್ದರೆ ಜೆಸಿಬಿ ತರಿಸಿ ಚಾಚಿಕೊಂಡ ಆ ದಂಡೆಯನ್ನು ಒಂದೇ ದಿನದಲ್ಲಿ ಕೆಡವಬಹುದಿತ್ತು.

"ಏನ್ರಿ ಮೇಡಮ್ಮಾರ, ಕೇರಂ ಆಡಾಕ ಕರದೀರೇನು?" ಎಂದ, ಸ್ಕ್ರೀನ್ ನೋಡಿ.

"ಇದು ಹಳ್ಳದ ದಂಡೆ. ಬುಡ ತೆಗೆದಿದ್ದೀನಿ. ಈಗ ಬೀಳುತ್ತೆ, ವೇಟ್ ಮಾಡಿ."

ಆತ ಕಾದ. ಚಹಾ ಕುಡಿದ. ಮಂಡಕ್ಕಿ ತಿಂದ. ವೃತ್ತಗಳು ಕೂದಲೆಳೆಯಷ್ಟೂ ಅಲುಗಲಿಲ್ಲ.

"ನಿಮ್ಮ ದಂಡಿ ಭಾಳ ಗಟ್ಟಿ ಐತಿ ಬಿಡ್ರಿ."

"ಇನ್ನೊಂದು ಗಂಟೆ, ಪ್ಲೀಸ್."

ಕೊನೆಗೂ ಅಂಚಿನಲ್ಲಿ ಕೂದಲಿನಷ್ಟು ಬಿರುಕು ಕಂಡಿತು. ನಾನು ಬೆರಳು ತೋರಿಸುವಷ್ಟರಲ್ಲಿ ಕರೆಂಟ್ ಹೋಯಿತು. ಆತ ಅಂಗಿ ಜಾಡಿಸಿಕೊಂಡು ಎದ್ದ. ಸಂಜೆಯ ಹೊತ್ತಿಗೆ ಓಣಿಯಲ್ಲೆಲ್ಲ ಸುದ್ದಿ: ಟೀಚರಮ್ಮ ಕಂಪ್ಯೂಟರಿನಲ್ಲಿ ಚೆಕ್ ಮಾಡ್ಯಾರ, ದಂಡಿ ಬೀಳಾಂಗಿಲ್ಲಂತ.

ನಾನು ತೋರಿಸಹೊರಟಿದ್ದಕ್ಕೆ ತಿರುಗಾಮುರುಗಾ. ಹಿಂದಿನ ವರ್ಷ ಹೆದರಿ ದೂರ ನಿಂತಿದ್ದವರೂ ಈ ಸಲ ಗುದ್ದಲಿ ಹುಡುಕತೊಡಗಿದರು. ಮನೆಮನೆಗೆ ಹೋಗಿ ಹೇಳಿದೆ; ನಕ್ಕು ಕಳಿಸಿದರು.

ಬೇರೆ ದಾರಿ ಕಾಣದೆ ಅಮಾವಾಸ್ಯೆಯ ಬೆಳಿಗ್ಗೆ ಒಂದು ಪ್ಲಾಸ್ಟಿಕ್ ಕುರ್ಚಿ ಒಯ್ದು ಗವಿಯ ಬಾಯಿಗೆ ಅಡ್ಡ ಹಾಕಿ ಕೂತೆ. ಮೊದಲು ಬಂದವಳು ಪಕ್ಕದ ಮನೆಯಾಕೆ, ಮೊಮ್ಮಕ್ಕಳೊಂದಿಗೆ.

"ಏಳ್ರಿ ಅಕ್ಕಾರ, ಹೊತ್ತಾತು. ಕಂಪ್ಯೂಟರೇ ಹೇಳೈತಂತಲ್ಲ."

"ಕಂಪ್ಯೂಟರ್ ಹೇಳಿಲ್ಲ. ಕರೆಂಟ್ ಹೋಯ್ತು, ಅಷ್ಟೇ. ನಾನು ಏಳಲ್ಲ."

"ಹಿಂಗ ಕುಂತ್ರ ನಾವು ಎತ್ತು ಎದರಾಗ ಮಾಡೂಣು, ನಿಮ್ಮ ತಲಿಯಾಗ?"

ಹೆಂಗಸರೆಲ್ಲ ನಕ್ಕರು. ಆದರೆ ಮುದುಕಿಯನ್ನು ಎತ್ತಿ ಪಕ್ಕಕ್ಕಿಡುವ ಧೈರ್ಯ ಯಾರಿಗೂ ಬರಲಿಲ್ಲ. ಗೊಣಗುತ್ತಾ ಹಳ್ಳದ ಮೇಲ್ದಿಕ್ಕಿಗೆ ಹೋಗಿ, ಮರಳು ಬೆರೆತ ಮಣ್ಣನ್ನೇ ಬುಟ್ಟಿಗೆ ತುಂಬಿಕೊಂಡು ಹೊರಟರು.

ಎಲ್ಲರೂ ಮರೆಯಾದ ಮೇಲೆ ಕುರ್ಚಿ ಎತ್ತಿಕೊಂಡು ದೂರ ಬಂದು ನಿಂತೆ. ಈಗ ಯಾರೂ ಇಲ್ಲ, ಈಗ ಬೀಳು, ಎಂದು ಆ ದಂಡೆಯನ್ನು ಬೇಡಿಕೊಂಡೆ. ಒಂದು ಹರಳೂ ಉದುರಲಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಓಣಿಯ ಮರಳುಮಣ್ಣಿನ ಎತ್ತುಗಳೆಲ್ಲ ಬಿರಿದವು. ಪಕ್ಕದ ಮನೆಯಾಕೆ ಕೊಂಬು ಮುರಿದ ಜೋಡಿಯನ್ನು ಹಲಗೆಯ ಮೇಲಿಟ್ಟು ನನ್ನ ಬಾಗಿಲಿಗೇ ತಂದು ತೋರಿಸಿದಳು.

"ನೋಡ್ರಿ, ನಿಮ್ಮ ಎತ್ತು."

ಅವಳ ಮೊಮ್ಮಕ್ಕಳು ಹಿಂದೆ ನಿಂತು ಕಿಸಕಿಸ ನಗುತ್ತಿದ್ದರು, ಮೊಣಕೈತನಕ ಮಣ್ಣು. ಕೊಂಬಿಲ್ಲದ ಆ ಎತ್ತುಗಳಿಗೇ ಹೂವೇರಿಸಿ ಪೂಜೆ ಮಾಡಿದರು. ಆ ವರ್ಷ ನನ್ನನ್ನು ಹೋಳಿಗೆ ಊಟಕ್ಕೆ ಯಾರೂ ಕರೆಯಲಿಲ್ಲ.