ಮಾಂದಲಕ್ಕೆ ಹಸಿವಾದಾಗ

ಸೂರ್ಯ ಇನ್ನೂ ಗುಡ್ಡದ ಆಚೆಗೇ ಇದ್ದಾನೆ. ಹಿಪ್ಪೆ ಮರದಡಿ ಒಂದೊಂದೇ ಹೂ ಬೀಳುವ ಸದ್ದು. ಝೀತ್ರಾ ವಸುನಿಯಾ ಅಂಗಳದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಹಿಟ್ಟು ಕಲಸುತ್ತಿದ್ದಾರೆ. ಉದ್ದಿನ ಹಿಟ್ಟು, ಒಲೆಯ ಬೂದಿ ಒಂದು ಚಿಟಿಕೆ, ಬೆರಳ ತುದಿಯಿಂದ ಚಿಮುಕಿಸಿದ ನೀರು. ಕಿವಿಯ ಹಾಲೆಯಷ್ಟು ಮೆತ್ತಗಾಗುವವರೆಗೆ ನಾದುತ್ತಾರೆ. ಆಮೇಲೆ ಅದನ್ನು ತಟ್ಟಿ ಮಾಂದಲದ ಎಡ ಮುಖದ ನಡುವೆ, ಹಣೆಗೆ ಬೊಟ್ಟಿಟ್ಟಂತೆ, ಮೆತ್ತುತ್ತಾರೆ. ಈ ಮಾಂದಲ ನಮ್ಮ ಮೃದಂಗಕ್ಕೆ ದೊಡ್ಡಪ್ಪನಾಗಬೇಕು; ಕೊರಳಿಗೆ ಹಾಕಿಕೊಂಡರೆ ಬಾರಿಸುವವನ ಹೊಟ್ಟೆಯೇ ಕಾಣುವುದಿಲ್ಲ.

ಹೂ ಆರಿಸಲು ಬುಟ್ಟಿ ಹಿಡಿದು ಹೊರಟ ಹೆಂಡತಿ ಥಾವ್ರಿ ಅಲ್ಲೇ ನಿಲ್ಲುತ್ತಾರೆ.

"ರೊಟ್ಟಿಗೆ ಹಿಟ್ಟು ಕೇಳಿದ್ರ ಮುಗದೈತಿ ಅಂತಿ. ಈ ಡೊಳ್ಳಹೊಟ್ಟಿ ಸವತಿಗೆ ಮಾತ್ರ ದಿನಾ ಮುಂಜಾನಿ ನೈವೇದ್ಯ!"

ಝೀತ್ರಾ ತಲೆ ಎತ್ತುವುದಿಲ್ಲ. ಥಾವ್ರಿ ಹತ್ತಿರ ಬಂದು, ಬಲಗಿವಿಗೆ ಬಾಯಿಟ್ಟು, ಅದನ್ನೇ ಮತ್ತೆ ಕೂಗಿ ಹೇಳುತ್ತಾರೆ. ಬೈಗುಳ ವ್ಯರ್ಥವಾಗಬಾರದಲ್ಲ.

"ಸವತಿ ಆದ್ರೇನು, ಬಂದು ಇಷ್ಟ್ ವರ್ಷ ಆದ್ರೂ ಎದುರು ಮಾತಾಡಿಲ್ಲ," ಎನ್ನುತ್ತಾರೆ ಝೀತ್ರಾ. ಥಾವ್ರಿ ನಗು ತಡೆಯಲಾರದೆ ಸೆರಗು ಬಾಯಿಗೊತ್ತಿಕೊಂಡು ಮರದ ಕಡೆ ನಡೆಯುತ್ತಾರೆ.

ನಗು ಅಷ್ಟಕ್ಕೇ. ಹೋಳಿ ಮುಗಿದ ಮರುವಾರದಿಂದ ಈಚೆಗೆ ಆಮ್ಲಿಪಠಾರ್‌ನ ಯಾವ ಮನೆಯವರೂ ಈ ಮಾಂದಲವನ್ನು ಕರೆದಿಲ್ಲ. ಹಿಪ್ಪೆ ಹೂ ಮುಗಿಯುತ್ತ ಬಂತು, ಸಗಾಯಿಗಳು, ಅಂದರೆ ನಿಶ್ಚಿತಾರ್ಥಗಳು, ಒಂದರ ಹಿಂದೊಂದು ಆಗುತ್ತಿವೆ, ಡಿಜೆ ಗಾಡಿಗಳು ಧೂಳೆಬ್ಬಿಸಿಕೊಂಡು ಓಡಾಡುತ್ತಿವೆ. ಝೀತ್ರಾ ಮಾತ್ರ ದಿನವೂ ಹಿಟ್ಟು ಕಲಸಿ, ಮೆತ್ತಿ, ನಾಲ್ಕು ಪೆಟ್ಟು ಬಾರಿಸಿ, ಒಣಗುವ ಮೊದಲು ಉಗುರಿನಿಂದ ಕೆರೆದು ತೆಗೆಯುತ್ತಾರೆ. ಒಣಗಿದರೆ ಚರ್ಮ ಬಿರಿಯುತ್ತದೆ.

ಗುಜರಾತಿನ ಗಡಿಗೆ ಹತ್ತಿರದ, ಭೀಲ ಆದಿವಾಸಿಗಳ ಈ ಗುಡ್ಡಗಾಡಿನಲ್ಲಿ ಸಗಾಯಿಯ ದಿನ ಹುಡುಗಿಯ ಬಾಯಿಂದ ಯಾರೂ ಒಪ್ಪಿಗೆ ಕೇಳುವುದಿಲ್ಲ. ಕೇಳುವುದು ಕಾಲನ್ನು. ಹುಡುಗನ ಕಡೆಯವರು ಒಂದು ಸಾಲು, ಹುಡುಗಿಯ ಕಡೆಯವರು ಒಂದು ಸಾಲು, ಸೊಂಟಕ್ಕೆ ಸೊಂಟ ಬಳಸಿ ಎದುರುಬದುರು ನಿಲ್ಲುತ್ತಾರೆ. ಮಾಂದಲ ಹೇಳಿದಂತೆ ಒಂದು ಸಾಲು ಮುಂದೆ ಬಂದರೆ ಇನ್ನೊಂದು ಹಿಂದೆ ಸರಿಯುತ್ತದೆ. ಹುಡುಗಿ ತನ್ನ ಸಾಲಿನ ತುದಿಯಲ್ಲಿರುತ್ತಾಳೆ, ಕಾಲಿಗೆ ದಪ್ಪ ಬೆಳ್ಳಿ ಕಡಗ. ಮನಸ್ಸಿದ್ದವಳು ಹೆಜ್ಜೆ ಎತ್ತಿ ಹಾಕುತ್ತಾಳೆ, ಕಡಗ ಮಾಂದಲದ ಜೊತೆ ಝಣ್ ಅನ್ನುತ್ತದೆ. ಮನಸ್ಸಿಲ್ಲದವಳು ಕಾಲೆಳೆಯುತ್ತಾಳೆ, ಕಡಗ ಬಾಯಿ ಬಿಡುವುದಿಲ್ಲ. ಬಾರಿಸುವವನು ಅದನ್ನು ಕೇಳಿಸಿಕೊಂಡು 'ಕೂಡುವ ಪೆಟ್ಟು' ಹಾಕಿದ ಮೇಲೆಯೇ ಎರಡು ಸಾಲೂ ಬೆರೆತು ಒಂದೇ ವರ್ತುಲವಾಗುತ್ತದೆ. ಹಿರಿಯರು ಹಿಪ್ಪೆ ಸಾರಾಯಿಯನ್ನು ಎಲೆದೊನ್ನೆಯಿಂದ ಮೊದಲು ನೆಲಕ್ಕೆ, ಸತ್ತ ಹಿರಿಯರಿಗೆ, ಎರೆದು ತಾವು ಕುಡಿಯುತ್ತಾರೆ. ಅಲ್ಲಿಗೆ ಸಂಬಂಧ ಗಟ್ಟಿ.

ಕಡಗ ಕೇಳಿಸದಿದ್ದರೆ?

"ಆವಾಗ ಮಾಂದಲ ಕೆಳಗಿಟ್ಟು, ಇದಕ್ಕ ಹಸಿವಾಗೈತಿ ಅನ್ನಬೇಕು," ಎನ್ನುತ್ತಾರೆ ಝೀತ್ರಾ. "ಹುಡುಗಿ ಬ್ಯಾಡ ಅಂದ್ಲು ಅಂತ ಯಾರೂ ಅನ್ನಂಗಿಲ್ಲ. ಹುಡುಗಗ ಅವಮಾನ ಇಲ್ಲ, ಹುಡುಗಿಗೆ ಬೈಗುಳ ಇಲ್ಲ. ಹಸಿವಾಗಿದ್ದು ಮಾಂದಲಕ್ಕ. ಹಿಟ್ಟು ಕಲಸಿ ಅದರ ಬಾಯಿಗೆ ಇಡೂತನಕ ಯಾರೂ ದೊನ್ನಿ ಮುಟ್ಟಂಗಿಲ್ಲ. ಬಂದವ್ರು ಬ್ಯಾಳಿ ರೊಟ್ಟಿ ಉಂಡು ಹೋಕ್ಕಾರ. ಮುಂದ ಮತ್ತೊಂದ್ಸಲ ಬರ್ತಾರೋ ಬಿಡ್ತಾರೋ, ಅದು ಅವ್ರಿಗೆ ಬಿಟ್ಟಿದ್ದು."

ಎಷ್ಟು ಹುಡುಗಿಯರಿಗಾಗಿ ಹಸಿದಿತ್ತು ಎಂದು ಕೇಳಿದರೆ ತಲೆಯಾಡಿಸುತ್ತಾರೆ. "ಅದನ್ನ ನೆನಪು ಇಟ್ಕೋಬಾರ್ದು ಅಂತ ಅಪ್ಪ ಹೇಳಿದ್ದ. ನಾಳಿ ಆಕಿ ಬ್ಯಾರೆ ಮನಿಗೆ ಹೋಗಾಕಿ."

ವಿದ್ಯೆ ಕಲಿಸಿದ್ದೂ ಆ ಅಪ್ಪನೇ. ಮಾಂದಲ ಮುಟ್ಟಲು ಬಿಡುವ ಮೊದಲು ಮಗನನ್ನು ಬಾವಿಯ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂರಿಸುತ್ತಿದ್ದರು. ನೀರಿಗೆ ಬರುವ ಹೆಂಗಸರ ಕಾಲಸಪ್ಪಳದಿಂದಲೇ ಯಾರೆಂದು ಹೇಳಬೇಕು. ತುಂಬಿದ ಕೊಡವೋ ಖಾಲಿ ಕೊಡವೋ, ಮನೆಯಲ್ಲಿ ಜಗಳವಾಗಿದೆಯೋ ಇಲ್ಲವೋ, ಅದನ್ನೂ. "ಹೆಂಗಸ್ರು ಬೈತಿದ್ರು. ಏ ಧೂಲಿಯಾ, ನಿನ್ನ ಮಗ ನಮ್ಮ ಕಾಲು ಕೇಳ್ತಾನೋ, ನಮ್ಮ ಮನಿ ಸುದ್ದಿ ಕೇಳ್ತಾನೋ ಅಂತ!" ಎರಡೂ ಒಂದೇ, ಎನ್ನುತ್ತಿದ್ದರಂತೆ ಅಪ್ಪ.

ಬಾರಿಸಿದ್ದಕ್ಕೆ ಸಿಗುವುದು ತೆಂಗಿನಕಾಯಿ, ಬೆಲ್ಲದ ಅಚ್ಚು, ಒಂದು ರುಮಾಲು. ಹೊಟ್ಟೆಪಾಡಿಗೆ ಮೆಕ್ಕೆಜೋಳದ ಹೊಲ, ಆಡುಗಳು, ಬೇಸಿಗೆ ಬಂದರೆ ಗುಜರಾತಿನ ಕಡೆ ಕಟ್ಟಡದ ಕೂಲಿ. ಸಗಾಯಿ ಇದೆ ಎಂದು ಸುದ್ದಿ ಬಂದರೆ ಅರ್ಧ ಕಟ್ಟಿದ ಗೋಡೆ ಬಿಟ್ಟು ಬಸ್ಸು ಹತ್ತುತ್ತಿದ್ದರು. ಮಾಂದಲದ ಪಟ್ಟಿ ತೂಗಿ ತೂಗಿ ಎಡ ಭುಜದಲ್ಲಿ ಎತ್ತಿನ ಹೆಗಲಿನಂಥ ಗಂಟು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯಲ್ಲಿ ಉಳಿದಿರುವುದು ಥಾವ್ರಿಯ ಬೈಗುಳಕ್ಕೆ ಸಾಕಾಗುವಷ್ಟು. "ಒಂದು ಕಿವಿ ಮಾಂದಲ ತಿಂತು. ಇನ್ನೊಂದು ವಯಸ್ಸು ತಿನ್ನಾಕತ್ತೈತಿ."

ನೆನಪಿಟ್ಟುಕೊಳ್ಳಬಾರದ ಒಂದು ಹುಡುಗಿಯನ್ನು ಅವರು ಮರೆತಿಲ್ಲ. ಅವಳ ಹೆಸರು ವೇಸ್ತಿ.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಆಗ ವೇಸ್ತಿಯ ಕಾಲು ಜೋಳದ ದಂಟಿನಷ್ಟು ತೆಳ್ಳಗೆ. ಮನೆಯಲ್ಲಿ ಕಡಗವಿರಲಿಲ್ಲ. ಸೋದರತ್ತೆಯ ಕಡಗ ತಂದರು. ಅದು ಅಗಲವಾಗಿ ಹಿಮ್ಮಡಿಗೆ ಜಾರುತ್ತಿತ್ತು. ಆ ಅತ್ತೆಯೇ ಮನೆಯ ಹಿಂದೆ ಕೂತು ಕಡಗದೊಳಗೆ ಹಳೆಯ ಬಟ್ಟೆಚೂರು ತುರುಕುವುದನ್ನು ಝೀತ್ರಾ ನೋಡಿದ್ದರು. ಕುಣಿತ ಶುರುವಾಯಿತು. ಸಾಲು ಬಂತು, ಹೋಯಿತು, ಮತ್ತೆ ಬಂತು. ಕಡಗ ಸದ್ದು ಮಾಡಲಿಲ್ಲ.

"ಅರಿವಿ ತುರುಕ್ಯಾರ, ಅದಕ್ಕ ಸಪ್ಪಳಾ ಬರವಲ್ದು ಅಂದ್ಕೊಂಡ್ನಿ. ಕೂಡೂ ಪೆಟ್ಟು ಹಾಕೇ ಬಿಟ್ನಿ." ಹಿಟ್ಟಂಟಿದ ಬೆರಳುಗಳನ್ನು ಝೀತ್ರಾ ನೋಡಿಕೊಳ್ಳುತ್ತಾರೆ. "ಸಾಲು ಕೂಡಿತು. ಆವಾಗ ಆಕಿ ಮಾರಿ ನೋಡಿದ್ನಿ. ಆದ್ರ ಕೂಡಿದ ಸಾಲನ್ನ ಬಿಡಿಸೂ ಪೆಟ್ಟು ಮಾಂದಲದಾಗ ಇಲ್ಲ."

ವೇಸ್ತಿ ಈಗ ಇದೇ ಊರಿನ ಕೆಳಗಿನ ಫಳಿಯಾದಲ್ಲಿ, ಅಂದರೆ ಕೆಳಕೇರಿಯಲ್ಲಿ, ಇದ್ದಾರೆ. ಮದುವೆಯಾಗಿ ಬಂದದ್ದೇ ಇಲ್ಲಿಗೆ. ಗಂಡ ಕಲ್ಲು ಪುಡಿ ಮಾಡುವ ಕಾರ್ಖಾನೆಯಲ್ಲಿ ದುಡಿದು, ಎದೆಯಲ್ಲಿ ಧೂಳು ತುಂಬಿಕೊಂಡು ಬಂದು, ಕೆಮ್ಮಿ ಕೆಮ್ಮಿ ತೀರಿಹೋದರು. ಮನೆಯ ಯಜಮಾನಿಕೆ ಮೈದುನ ಕಲಸಿಂಗ್‌ನದು. ವೇಸ್ತಿ ಹಿಪ್ಪೆ ಹೂ ಹರವುತ್ತ, ತಮ್ಮ ಪಾಡನ್ನು ಪಕ್ಕದ ಮನೆಯವರ ಸುದ್ದಿಯಂತೆ ಹೇಳುತ್ತಾರೆ.

"ಗಂಡ ಕೆಟ್ಟವ ಇರ್ಲಿಲ್ಲ. ಹೊಡೀಲಿಲ್ಲ, ಬಡೀಲಿಲ್ಲ. ಸಂತ್ಯಾಗ ಜಿಲೇಬಿ ತರ್ತಿದ್ದ. ಆದ್ರ ನಾ ಬ್ಯಾಡ ಅಂದಿದ್ನಿ. ಬ್ಯಾಡ ಅಂದಿದ್ದು ಯಾರಿಗೂ ಗೊತ್ತ ಆಗ್ಲಿಲ್ಲ. ಮನಿಯಾಗ ಜಗಳ ಆದಾಗೆಲ್ಲ ಅವ ಅಂತಿದ್ದ, ನೀನ ಕುಣಕೊಂತ ಬಂದಿ ಅಲ್ಲ ಅಂತ. ಅದಕ್ಕ ನಾ ಏನಂತ ಉತ್ತರಾ ಕೊಡ್ಲಿ?"

ಈ ಸಲ ಹೋಳಿಗೆ ಮುಂಚೆ ವೇಸ್ತಿ ಝೀತ್ರಾ ಅವರ ಅಂಗಳಕ್ಕೆ ಬಂದರು. ಮಗಳು ರಮಿಲಾಳ ಸಗಾಯಿ ಗೊತ್ತಾಗಿತ್ತು. ಕಲಸಿಂಗ್ ಡಿಜೆ ಗಾಡಿಗೆ ಹೇಳಿಯಾಗಿತ್ತು. "ಕಾಕಾ, ನೀ ಬಂದು ಬಾರಿಸಬೇಕು," ಅಂದರು. ತಮಗೆ ಕಿವಿ ಕೇಳುವುದಿಲ್ಲವೆಂದು ಝೀತ್ರಾ ತಪ್ಪಿಸಿಕೊಳ್ಳಲು ನೋಡಿದರು. ಆಗ ವೇಸ್ತಿ, ಅಷ್ಟು ವರ್ಷ ಊರ ದಾರಿಯಲ್ಲಿ ದಿನಾ ಎದುರಾದರೂ ಆಡದ ಮಾತನ್ನು ಆಡಿದರು.

"ಅವತ್ತು ಕಿವಿ ಚಲೋ ಇತ್ತಲ್ಲ ಕಾಕಾ? ನೀ ನನ್ನ ಕಾಲಿನ ಅರಿವಿ ನೋಡಿದಿ, ಕಾಲು ನೋಡ್ಲಿಲ್ಲ. ನನ್ನ ಮಗಳನ್ನರೆ ಒಂದ್ಸಲ ಕೇಳು."

ಝೀತ್ರಾ ಒಪ್ಪಿಕೊಂಡರು. ಥಾವ್ರಿ ಹೇಳುವಂತೆ, ಅಂದು ಗಂಡ ಊಟ ಮಾಡಲಿಲ್ಲ.

ಕಲಸಿಂಗ್ ಕೆಟ್ಟ ಮನುಷ್ಯನಲ್ಲ. ಅತ್ತಿಗೆಯ ಹಟಕ್ಕೆ ಮಣಿದು, "ಮೊದ್ಲು ಶಾಸ್ತ್ರಕ್ಕ ನಿಮ್ಮ ಮುದುಕ ನಾಲ್ಕು ಪೆಟ್ಟು ಹಾಕ್ಲಿ. ಆಮ್ಯಾಲೆ ನಮ್ಮ ಹುಡುಗ್ರು ಕುಣೀಲಿ," ಎಂದ. ಹೋಳಿ ಮುಗಿದ ವಾರ, ಸಗಾಯಿಯ ದಿನ, ಬಿಸಿಲು ಇಳಿಯುವ ಹೊತ್ತಿಗೆ ಹುಡುಗನ ಕಡೆಯವರು ಬಂದರು. ಸಾಲುಗಳು ನಿಂತವು. ರಮಿಲಾ ತನ್ನ ಸಾಲಿನ ತುದಿಯಲ್ಲಿ, ಕಾಲಿಗೆ ಸರಿಯಾಗಿ ಕೂಡುವ ಕಡಗ ಹಾಕಿಕೊಂಡು. ಅದನ್ನು ಅವ್ವನೇ ಅಳತೆ ಕೊಟ್ಟು ಮಾಡಿಸಿದ್ದರು. ಡಿಜೆ ಗಾಡಿಯ ಮೇಲೆ ಸ್ಪೀಕರ್ ಡಬ್ಬಿಗಳು ಆಳೆತ್ತರಕ್ಕೆ ಕಾದಿದ್ದವು.

ಝೀತ್ರಾ ಬಾರಿಸತೊಡಗಿದರು. ಸಾಲು ಬಂತು, ಸರಿಯಿತು. ಅವರು ಕುತ್ತಿಗೆ ಓರೆ ಮಾಡಿ ಬಲಗಿವಿಯನ್ನು ರಮಿಲಾಳ ಕಡೆ ಹಿಡಿದರು. ಗಾಡಿಯ ಯಂತ್ರದ ಗುಂಯ್‌ಗುಡುವಿಕೆ, ಮಕ್ಕಳ ಕಿರುಚಾಟ, ತಮ್ಮದೇ ಮಾಂದಲ. ಅದರಾಚೆ ಏನೂ ಇಲ್ಲ. ಇನ್ನೊಮ್ಮೆ ಸಾಲು ಬಂತು. ಅವರು ಬಾರಿಸುತ್ತಲೇ ಹತ್ತಿರ ಹೋದರು. ಕಣ್ಣಿಟ್ಟು ನೋಡಿದರು. ಧೂಳಿನಲ್ಲಿ ಕಾಲುಗಳೆಲ್ಲ ಒಂದೇ.

"ಕಾಕಾ, ಕೂಡ್ಸು ಬೇಗ! ಡಿಜೆ ಹುಡುಗ್ರಿಗೆ ಇನ್ನೊಂದೂರಿಗೆ ಹೋಗೋದೈತಿ!" ಕಲಸಿಂಗ್ ಕೂಗಿದ.

ಝೀತ್ರಾ ಪಟ್ಟಿ ತೆಗೆದು ಮಾಂದಲವನ್ನು ನೆಲಕ್ಕಿಟ್ಟರು. "ಇದಕ್ಕ ಹಸಿವಾಗೈತಿ," ಅಂದರು.

ಹಿರಿಯರು ಮುಖ ಮುಖ ನೋಡಿಕೊಂಡರು. ಹುಡುಗರು ಹೋ ಎಂದು ನಕ್ಕರು. "ಈಗೆಂಥಾ ಹಸಿವೋ ಕಾಕಾ? ಪ್ಲಾಸ್ಟಿಕ್ ಚರ್ಮ ಹಾಕ್ಸಿ ಕೊಡ್ತೀನಿ, ಅದು ವರ್ಷವಿಡೀ ಉಪಾಸ ಇರ್ತೈತಿ!" ಎಂದು ಕಲಸಿಂಗ್ ಗಾಡಿಯ ಕಡೆ ಕೈ ಬೀಸಿದ. ನೆಲ ನಡುಗಿತು. ಎರಡೂ ಕಡೆಯ ಹುಡುಗರು ನುಗ್ಗಿ ಬಂದರು, ಸಾಲು ಎಲ್ಲಿತ್ತೆಂಬುದೇ ತಿಳಿಯದಂತೆ ಕಲಸಿಹೋದರು. "ಎಲ್ಲಾರೂ ಕೂಡ್ಯಾರಲ್ಲ, ಇನ್ನೇನು? ಎರೀರಿ!" ಎಂದು ಕಲಸಿಂಗ್ ಸಾರಾಯಿ ಗಡಿಗೆ ಎತ್ತಿದ. ಹುಡುಗನ ಕಡೆಯ ಮುದುಕ ದೊನ್ನೆ ಮುಂದೆ ಹಿಡಿದ.

ಆಗ ವೇಸ್ತಿ ಮನೆಯೊಳಗಿಂದ ಬಂದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಉದ್ದಿನ ಹಿಟ್ಟು. ಅಂಗಳದ ನಡುವೆ, ಮಾಂದಲದ ಮುಂದೆ ಕೂತು ಹಿಟ್ಟು ಕಲಸತೊಡಗಿದರು.

ಮುದುಕ ನೋಡಿದ. ದೊನ್ನೆಯನ್ನು ಮಗುಚಿ ನೆಲಕ್ಕಿಟ್ಟ.

ಹಾಡಿನ ಮೇಲೆ ಹಾಡು ಬಂತು. ವೇಸ್ತಿ ಕಲಸುತ್ತಲೇ ಇದ್ದರು. ತೆಳುವಾಯಿತೆಂದು ಹಿಟ್ಟು, ಗಟ್ಟಿಯಾಯಿತೆಂದು ನೀರು. ಕಲಸಿಂಗ್ ಬಂದು ಕಿವಿಯಲ್ಲಿ ಏನೋ ಅಂದ. ಅವರು ತಲೆ ಎತ್ತಲಿಲ್ಲ. ಬಂದವರು ಬೇಳೆ ರೊಟ್ಟಿ ಉಂಡು, ಗಡಿಗೆ ತುಂಬಿದ್ದು ತುಂಬಿದಂತೆಯೇ ಇರಲು, ಹೊತ್ತು ಮುಳುಗುವ ಮೊದಲು ಎದ್ದು ಹೋದರು.

"ವೇಸ್ತಿ ಸಲುವಾಗಿ ಆ ಹಿಟ್ಟು ನಾ ಅವತ್ತ ಕಲಸಬೇಕಿತ್ತು," ಎನ್ನುತ್ತಾರೆ ಝೀತ್ರಾ. "ಇಪ್ಪತ್ತು ವರ್ಷ ತಡಾ ಆತು. ಅದನ್ನೂ ಆಕಿನ ಕಲಸಬೇಕಾತು."

ಹುಡುಗನ ಕಡೆಯಿಂದ ಇನ್ನೂ ಮಾತು ಬಂದಿಲ್ಲ. ಕಲಸಿಂಗ್ ಅತ್ತಿಗೆಯ ಜೊತೆ ಮಾತು ಬಿಟ್ಟಿದ್ದಾನೆ. ಕಿವುಡನ ಮಾಂದಲ ಮನೆ ಮುರಿಯುತ್ತದೆ ಎಂಬ ಮಾತು ಫಳಿಯಾದಿಂದ ಫಳಿಯಾಕ್ಕೆ ಹೋಗಿದೆ. ಆಮೇಲಾದ ಸಗಾಯಿಗಳಲ್ಲಿ ಶಾಸ್ತ್ರದ ನಾಲ್ಕು ಪೆಟ್ಟಿಗೂ ಯಾರೂ ಝೀತ್ರಾ ಅವರನ್ನು ಕರೆದಿಲ್ಲ. ಅಲ್ಲಿ ಕುಣಿದ ಹುಡುಗಿಯರ ಕಡಗ ಏನೆಂದಿತೋ, ಡಬ್ಬಿಗಳ ಸದ್ದಿನಲ್ಲಿ ದೇವರಿಗೂ ಕೇಳಿಸಿರಲಾರದು.

ರಮಿಲಾ ಹೂವಿನ ಬುಟ್ಟಿ ಹೊತ್ತು ಇದೇ ಅಂಗಳ ಹಾಯ್ದು ಹೋಗುತ್ತಾಳೆ. ಹುಡುಗ ಬೇಡವಾಗಿತ್ತೇ ಎಂದು ಝೀತ್ರಾ ಒಂದು ದಿನ ಅವಳನ್ನೇ ಕೇಳಿದರಂತೆ.

"ಬ್ಯಾಡ ಅಂತ ಏನಿರ್ಲಿಲ್ಲ ಅಜ್ಜಾ," ಅವಳು ಬಲಗಿವಿಗೆ ಕೂಗಿದಳು. "ಬೇಕು ಅಂತನೂ ಇರ್ಲಿಲ್ಲ. ವಿಚಾರ ಮಾಡ್ತಿದ್ನಿ. ಅಷ್ಟರಾಗ ಎಲ್ಲಾರಿಗೂ ಅವಸರ."

"ನಂಗ ನಿನ್ನ ಕಡಗ ಕೇಳ್ಲಿಲ್ಲವ್ವಾ. ಕೇಳದಿದ್ರ ಇಲ್ಲ ಅಂತನ ತಿಳೀಬೇಕು. ಒಂದ್ಸಲ ಬ್ಯಾರೆ ತಿಳ್ಕೊಂಡು ಸುಟ್ಕೊಂಡೀನಿ."

"ಹಂಗಾದ್ರ ಇನ್ನೊಂದ್ಸಲ ಬಂದ್ರ ಜೋರಾಗಿ ಒದೀತೀನಿ ನೆಲಾನ. ನಿನ್ನ ಹಲ್ಲು ಅಲುಗಾಡಬೇಕು, ನೋಡು!"

ಹಲ್ಲು ಇದ್ದರಲ್ಲವೇ ಅಲುಗಾಡುವುದು, ಎಂದು ಥಾವ್ರಿ ಒಳಗಿಂದ ಸೇರಿಸಿದರಂತೆ.

ಬಿಸಿಲು ಅಂಗಳಕ್ಕೆ ಇಳಿದಿದೆ. ಮೆತ್ತಿದ ಹಿಟ್ಟು ಅಂಚಿನಲ್ಲಿ ಬೆಳ್ಳಗಾಗುತ್ತಿದೆ. ಈ ವಿದ್ಯೆ ಕಲಿಯಲು ಯಾರೂ ಬಂದಿಲ್ಲ; ಬಂದರೂ ಕಾಲು ಕೇಳಿಸಿಕೊಳ್ಳಲು ಕೂರಿಸುವಂಥ ಬಾವಿಯೂ ಈಗಿಲ್ಲ, ಮನೆ ಮುಂದೆ ನಲ್ಲಿ ಬಂದಿದೆ. ಮತ್ತೇನು ಬೇಕು ನಿಮಗೆ ಎಂದು ಕೇಳಿದರೆ ಝೀತ್ರಾ ಗಾಡಿಗಳು ಓಡಾಡುವ ದಾರಿಯ ಕಡೆ ಕೈ ತೋರಿಸುತ್ತಾರೆ.

"ಡಿಜೆ ಬರ್ಲಿ, ಬ್ಯಾಡ ಅನ್ನಂಗಿಲ್ಲ. ಹುಡುಗ್ರು ಕುಣೀಲಿ. ಅವರ ಕಾಲ ಅದು. ಆದ್ರ ಆ ಹುಡುಗಿ ಸಗಾಯಿ ಮತ್ತೊಮ್ಮೆ ಆದ್ರ, ಗಾಡಿ ಸುರು ಆಗೂಕಿಂತ ಮೊದ್ಲು ನನ್ನನ್ನ ಆಕಿ ಕಾಲಿನ ಹತ್ರ ಒಂದೀಟು ಕೂಡಾಕ ಬಿಡ್ಲಿ. ಕೇಳಿಸ್ತಂದ್ರ ಕೂಡಿಸ್ತೀನಿ."

"ಕೇಳಿಸದಿದ್ದರೆ?"

ಹಿಟ್ಟು ಒಣಗದಂತೆ ಅದರ ಮೇಲೆ ಅಂಗೈ ಮುಚ್ಚಿ ಹಿಡಿಯುತ್ತಾರೆ.

"ಹಿಟ್ಟು ಐತಲ್ಲ."